ಜೋಡಿ ಉಳಿ

ನಮ್ಮೂರಿನಲ್ಲಿ ಅಂಗಡಿಯಿಂದ ಕೊಂಡು ತಂದ ಇಲಿ ಓಡುವುದಿಲ್ಲ. ಕಂಪ್ಯೂಟರಿನ ಪಕ್ಕದಲ್ಲಿಟ್ಟು ಉಜ್ಜುತ್ತಾರಲ್ಲ, ಆ ಮೌಸು; ನಾವು ಅದಕ್ಕೆ ಇಲಿ ಅಂತಲೇ ಅನ್ನುವುದು. ಬೇರೆ ಊರುಗಳಲ್ಲಿ ಅದೇ ಕರಿ ಬಣ್ಣದ, ಅದೇ ಗೂನು ಬೆನ್ನಿನ ಇಲಿಯನ್ನು ಎಲ್ಲರೂ ಹಿಡಿಯುತ್ತಾರಂತೆ, ಎಲ್ಲರ ಮಾತನ್ನೂ ಅದು ಕೇಳುತ್ತದಂತೆ. ಇಲ್ಲಿ ಅದನ್ನು ಬೆಳಗಿನಿಂದ ಸಂಜೆಯವರೆಗೆ ಉಜ್ಜಿದರೂ ಪರದೆಯ ಮೇಲಿನ ಬಾಣ ಕೂತಲ್ಲೇ ಕೂತಿರುತ್ತದೆ. ಕಂಪನಿಯಿಂದ ರಿಪೇರಿಯವರು ಬರುತ್ತಾರೆ, ವೈರು ಬಿಚ್ಚುತ್ತಾರೆ, ಕಟ್ಟುತ್ತಾರೆ, ಚಹಾ ಕುಡಿಯುತ್ತಾರೆ, ನಿಮ್ಮೂರ ಕರೆಂಟೇ ಸರಿಯಿಲ್ಲ ಎಂದು ಹೇಳಿ ಹೋಗುತ್ತಾರೆ. ನಾವು ಹೂಂ ಅನ್ನುತ್ತೇವೆ. ಅವರ ಹತ್ತಿರ ವಾದ ಮಾಡಿ ನಮಗೇನಾಗಬೇಕಾಗಿದೆ?

ಬಾಣ ಓಡಬೇಕಾದರೆ ಕೈಗೆ ಗುರುತಿರುವ ವಸ್ತುವೊಂದು ಕೈಯೊಳಗಿರಬೇಕು, ಅಷ್ಟೇ. ಹಾಲಿನ ಸಂಗಪ್ಪನ ಇಲಿಗೆ ನಾಲ್ಕು ಮೊಲೆಗಳಿವೆ. ಎಡದ್ದನ್ನು ಹಿಂಡಿದರೆ ಒಂದು ಕೆಲಸ, ಬಲದ್ದನ್ನು ಹಿಂಡಿದರೆ ಇನ್ನೊಂದು. ಹಿಂದಿನ ಎರಡು ಸುಮ್ಮನೆ ಇವೆ, ಆದರೆ ಅವಿಲ್ಲದಿದ್ದರೆ ಅವನ ಕೈ ಒಪ್ಪುವುದಿಲ್ಲ. ಖಾನಾವಳಿಯ ನಿಂಗವ್ವನದು ರೊಟ್ಟಿಯ ಹಾಗೆ ಚಪ್ಪಟೆ. ಆಕೆ ಅದನ್ನು ಹಿಡಿಯುವುದೇ ಇಲ್ಲ, ಅಂಗೈಯಿಂದ ತಟ್ಟುತ್ತ ತಿರುಗಿಸುತ್ತಾಳೆ, ಬೇಕಾದ ಚಿತ್ರದ ಮೇಲೆ ಬಾಣ ಬಂದಾಗ ಪಟಪಟ ಎರಡು ಪೆಟ್ಟು. ದರ್ಜಿ ಗೌಸಸಾಬರದು ತೂಕದ ಇಸ್ತ್ರಿ ಪೆಟ್ಟಿಗೆ. ಹೂವಿನ ರೇಣವ್ವ ಮಾಲೆ ಕಟ್ಟುವಾಗ ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುವವಳು. ಹಾಗಾಗಿ ಆಕೆಯ ಇಲಿ ಅರ್ಧ ಕೈಯಲ್ಲಿ, ಅರ್ಧ ಕಾಲಲ್ಲಿ. ಬ್ಯಾಂಕಿನಲ್ಲಿ ಆಕೆ ಕಾಲು ಚಾಚಿ ಕೂತರೆ ಸಾಲಿನಲ್ಲಿ ನಿಂತವರೆಲ್ಲ ಸರಿದು ಜಾಗ ಬಿಡುತ್ತಾರೆ.

ಕನ್ನಡಕ ಒಯ್ಯುವ ಹಾಗೆ ನಮ್ಮೂರ ಜನ ಎಲ್ಲಿ ಹೋದರೂ ತಮ್ಮ ಇಲಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ. ಮದುವೆಯಾಗಿ ಬಂದ ಸೊಸೆಯ ಇಲಿಗೆ ಅತ್ತೆ ಗೋಡೆಯ ಗೂಡಿನಲ್ಲಿ ಜಾಗ ಮಾಡಿಕೊಡಬೇಕು. ಆ ಜಾಗ ಎಷ್ಟು ದೊಡ್ಡದು ಎಂಬುದರ ಮೇಲೆ ಮುಂದಿನ ಸಂಸಾರ ಹೇಗೆ ನಡೆಯುತ್ತದೆ ಎಂದು ಓಣಿಯವರು ಲೆಕ್ಕ ಹಾಕುತ್ತಾರೆ. ಯಾರಾದರೂ ತೀರಿಕೊಂಡರೆ ಅವರ ಇಲಿಯನ್ನು ಒಂದು ವರ್ಷ ಫೋಟೋದ ಪಕ್ಕದಲ್ಲಿ ಇಡುತ್ತಾರೆ. ನಮ್ಮಪ್ಪನದು ನಾಲ್ಕು ವರ್ಷವಾದರೂ ಅಲ್ಲೇ ಇದೆ. ತೆಗೆಯಬೇಕು ಎಂದುಕೊಳ್ಳುತ್ತೇನೆ, ತೆಗೆದಿಲ್ಲ.

ಈ ಇಲಿಗಳನ್ನೆಲ್ಲ ಮಾಡಿದವಳು ನಾನು. ಹೆಸರು ಕಾಳವ್ವ, ಬಡಿಗೇರ ಮನೆತನ. ಮರದ ಕೆಲಸ ನನ್ನದು, ಒಳಗಿನ ವೈರಿನ ಕೆಲಸ ನಮ್ಮ ಮನೆಯವರದು. ಅವರು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಉಳಿದದ್ದನ್ನು ನಾನು ಆಡುತ್ತೇನೆ. ಊರಿಗೆ ಕಂಪ್ಯೂಟರು ಬಂದಾಗ ಮೊದಲ ಇಲಿ ಕೆತ್ತಿದವನು ನಮ್ಮಪ್ಪ, ಅವನಿಂದ ನಾನು ಕಲಿತೆ. ಕಲಿತೆ ಅನ್ನುವುದಕ್ಕಿಂತ ಹುಟ್ಟುವಾಗಲೇ ಬಂದಿತ್ತು ಅನ್ನುವುದು ನನ್ನ ಅಭ್ಯಾಸ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ಅಪ್ಪ ಮಾಡಿದ ಕಟ್ಟಳೆ ಒಂದಿದೆ. ಯಾರೇ ಬರಲಿ, ಮೊದಲು ಅವರ ಕೈಗೆ ಗೋದಿ ಹಿಟ್ಟಿನ ಕಣಕದ ಉಂಡೆ ಕೊಡಬೇಕು. ಕೈ ಮೇಲೆ ಒದ್ದೆ ಬಟ್ಟೆ ಹೊದಿಸಬೇಕು, ತಮ್ಮ ಕೈ ತಮಗೆ ಕಾಣಬಾರದು. ಆಮೇಲೆ ಚಹಾ ತರಿಸಿ, ಮಳೆ, ಬೆಳೆ, ಸೊಸೆ, ಮೊಮ್ಮಕ್ಕಳು, ಅದು ಇದು ಮಾತಾಡಿಸುತ್ತ ಕೂರಬೇಕು. ಚಹಾ ಮುಗಿಯುವುದರೊಳಗೆ ಕೈ ತಾನಾಗಿ ಕಣಕವನ್ನು ತನಗೆ ಬೇಕಾದ ಹಾಗೆ ಹಿಡಿದುಕೊಂಡಿರುತ್ತದೆ. ಬಟ್ಟೆ ತೆಗೆದು ನೋಡಿದರೆ ಅಚ್ಚು ತಯಾರು. "ಕಣಕ ಕೊಡದೆ ಕಟಗಿ ಮುಟ್ಟಬ್ಯಾಡ" ಎನ್ನುತ್ತಿದ್ದ ಅಪ್ಪ. ಯಾಕೆಂದರೆ ಮನುಷ್ಯ ಮಾಡುವ ಉದ್ಯೋಗ ಒಂದಿರುತ್ತದೆ, ಕೈಯ ಮನಸ್ಸು ಇನ್ನೊಂದಿರುತ್ತದೆ. ವಕೀಲ ಸೋಮನಗೌಡರು ಪೆನ್ನಿನಂಥದ್ದೇನೋ ಬರುತ್ತದೆ ಎಂದು ಗತ್ತಿನಿಂದ ಕೂತಿದ್ದರು. ಕಣಕದಲ್ಲಿ ಬಂದದ್ದು ಗೋಲಿ. ಬಸ್ ಡಿಪೋದ ಮ್ಯಾನೇಜರು ಹುದ್ದಾರ ಸಾಹೇಬರು ನಗುವುದನ್ನು ಕಂಡವರಿಲ್ಲ. ಅವರ ಕೈಯಲ್ಲಿ ಬಂದದ್ದು ಗಾಳಿಪಟದ ದಾರ ಸುತ್ತುವ ರಾಟೆ. ಅವರು ಅದನ್ನು ಆಫೀಸಿನ ಡ್ರಾದಲ್ಲಿ ಕರವಸ್ತ್ರ ಮುಚ್ಚಿ ಇಟ್ಟಿದ್ದರು. ಯಾರಾದರೂ ಒಳಗೆ ಬಂದರೆ ಕೆಲಸ ನಿಲ್ಲಿಸಿ ಡ್ರಾ ಮುಚ್ಚುತ್ತಿದ್ದರು.

ನನ್ನ ಇಲಿಯ ಕಥೆ ಬೇರೆ. ನನಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ನನ್ನ ಕೈಗೆ ಕಣಕ ಕೊಟ್ಟ. ಬಟ್ಟೆ ತೆಗೆದಾಗ ಅದರಲ್ಲಿ ಎರಡು ಸಣ್ಣ ಕೋಲುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು, ಒಂದು ಇನ್ನೊಂದಕ್ಕಿಂತ ತುಸು ಗಿಡ್ಡ, ಎರಡಕ್ಕೂ ನಡುನಡುವೆ ಉಬ್ಬು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಇವು ಉಳಿಯ ಹಿಡಿಕಿ. ಜೋಡಿ ಉಳಿ ಹಿಡದ ಕೈ ಐತಿ ಇದು" ಅಂದ. ಉಳಿದ ಬಡಿಗರ ಕೈಗೆ ಒಂದು ಉಳಿ ಗೊತ್ತಿದ್ದರೆ ಹೆಚ್ಚು, ನನ್ನ ಕೈಗೆ ಎರಡು! ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ. ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದೆ. ಈಗ ನನ್ನ ಕೈ ದೊಡ್ಡದಾಗಿ ಆ ಇಲಿ ಹಿಡಿಗೆ ಸಾಲುವುದಿಲ್ಲ, ತುದಿಬೆರಳಲ್ಲಿ ಹಿಡಿಯಬೇಕು. ಆದರೂ ಬೇರೆ ಮಾಡಿಕೊಳ್ಳಲಿಲ್ಲ. ಇಪ್ಪತ್ತೆಂಟು ವರ್ಷದ ಬಡಾಯಿ ಅದು, ಅಷ್ಟು ಸುಲಭಕ್ಕೆ ಬಿಡುವುದೆಂದರೆ ಹೇಗೆ.

ಒಂದು ಬುಧವಾರ ಗೋದಕ್ಕ ಅಂಗಡಿಗೆ ಬಂದರು. ಗೋದಾವರಿ ಅವರ ಪೂರ್ತಿ ಹೆಸರು. ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂತು ಮೈಕಿನಲ್ಲಿ ಕೂಗುವವರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಗಂಟು ಸಿಕ್ಕಿದೆ, ಯಾರ ಮಗು ತಪ್ಪಿಸಿಕೊಂಡಿದೆ, ಎಲ್ಲವನ್ನೂ ಮೂವತ್ತೈದು ವರ್ಷದಿಂದ ಅವರ ದನಿಯೇ ಊರಿಗೆ ಹೇಳುತ್ತ ಬಂದಿದೆ. ನಮ್ಮ ಅಂಗಡಿಗೂ ಅದು ಕೇಳುತ್ತದೆ. "ಪ್ರಯಾಣಿಕರ ಗಮನಕ್ಕೆ" ಎಂದು ಅವರು ಮಧ್ಯಾಹ್ನದ ಬಸ್ಸು ಕೂಗಿದರೆ ನಾನು ಅನ್ನಕ್ಕೆ ಇಡುತ್ತೇನೆ. ಅಂಥ ದನಿಯವರು ಅವತ್ತು ಬಾಗಿಲಲ್ಲಿ ನಿಂತು ಪಿಸುಮಾತಿನಲ್ಲಿ, "ಕಾಳವ್ವ, ನನಗೊಂದು ಇಲಿ ಬೇಕಾಗೇತಿ" ಅಂದರು.

"ಬರ್ರಿ, ಕುಂದರ್ರಿ ಗೋದಕ್ಕ. ಇಷ್ಟು ವರ್ಷ ಬ್ಯಾಡಾಗಿದ್ದು ಈಗ್ಯಾಕ ಬೇಕಾತು?"

"ಡಿಪೋದವರು ಹೊಸಾ ಬೋರ್ಡ್ ಹಾಕ್ಯಾರವ್ವ. ಬಸ್ಸಿನ ಟೈಮೆಲ್ಲಾ ಅದರಾಗ ಓಡ್ತಾವಂತ. ಕಿಟಕ್ಯಾಗ ಕುಂತವರು ಕಂಪ್ಯೂಟರ್ ನಡಸಬೇಕಂತ. ಸೋಮವಾರ ಹತ್ತಕ್ಕ ಹುದ್ದಾರ ಸಾಹೇಬ್ರು ಪರೀಕ್ಷಾ ಮಾಡ್ತಾರ. ಬಾಣ ಓಡಿಸಿದ್ರ ಅಲ್ಲೇ ಇರೂದು. ಇಲ್ಲಂದ್ರ..." ಗೋದಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಇಲ್ಲಂದ್ರ ದೊಡ್ಡ ಊರಿನ ಸಾಮಾನಿನ ಗೋಡೌನಿಗೆ ಹಾಕ್ತಾರಂತ. ಟೈರು ಎಣಿಸೂದು. ಇನ್ನೂ ಮೂರು ವರ್ಷ ಸರ್ವಿಸ್ ಐತಿ ನಂದು. ಟೈರಿಗೆ ನಾ ಏನಂತ ಕೂಗಲಿ ಹೇಳು?"

ನನಗೆ ಸಂಕಟವಾಯಿತು. ಸಂಕಟದ ಜೊತೆಗೆ, ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಯಿತು. ಇಂಥ ಕೆಲಸ ನನ್ನ ಕೈಗೆ ಬಂತಲ್ಲ ಎಂದು. ಗೋದಕ್ಕನ ಕೈಗೆ ಏನು ಗುರುತು ಎಂದು ಊರಿನ ಯಾವ ಕೂಸನ್ನು ಕೇಳಿದರೂ ಹೇಳುತ್ತಿತ್ತು. ಆ ಮೈಕು! ಉದ್ದ ಕುತ್ತಿಗೆಯ, ಬೆಳ್ಳಿ ಬಣ್ಣದ, ಜಾಳಿಗೆ ತಲೆಯ ಮೈಕು. ಅವರ ಬಲಗೈ ಅದರ ಕುತ್ತಿಗೆಯನ್ನು ಹಿಡಿದು ಬಾಯ ಹತ್ತಿರ ತಂದುಕೊಳ್ಳುವುದನ್ನು ನಾನು ಸಾವಿರ ಸಲ ನೋಡಿದ್ದೆ. ಇದಕ್ಕೆ ಕಣಕ ಬೇರೆ ಕೊಡಬೇಕೆ?

"ಕಣಕ ಬ್ಯಾಡ್ರಿ ಗೋದಕ್ಕ. ನಿಮ್ಮ ಕೈ ನನಗ ಬಾಯಿಪಾಠ. ಶುಕ್ರವಾರ ನಾನೇ ತಂದು ಕೊಡ್ತೀನಿ, ಹೋಗ್ರಿ" ಅಂದೆ. ಒಳಗೆ ವೈರು ಬೆಸೆಯುತ್ತಿದ್ದ ನಮ್ಮ ಮನೆಯವರು ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ತಲೆ ತಗ್ಗಿಸಿದರು.

ಎರಡು ದಿನ ಕೂತು ಸಾಗವಾನಿಯಲ್ಲಿ ಮೈಕು ಕೆತ್ತಿದೆ. ಎಂಥ ಮೈಕು ಅಂತೀರಿ! ಜಾಳಿಗೆಯ ಒಂದೊಂದು ಕಣ್ಣನ್ನೂ ಬಿಡಿಸಿದೆ, ಕುತ್ತಿಗೆ ಅದೇ ಬಾಗು, ಗುಂಡಿ ಅದೇ ಜಾಗದಲ್ಲಿ. ಶುಕ್ರವಾರ ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಡ್ರೈವರು ಕಂಡಕ್ಟರುಗಳು, ಶೇಂಗಾ ಮಾರುವವರು, ನಿಂಗವ್ವ, ಎಲ್ಲರೂ ಕಿಟಕಿಗೆ ಮುಖ ಹಚ್ಚಿ ನಿಂತಿದ್ದರು. ಗೋದಕ್ಕ ಮೈಕನ್ನು ಹಿಡಿದರು. ಹಿಡಿದ ಚೆಂದ ನೋಡಿ ಜನ ಚಪ್ಪಾಳೆ ತಟ್ಟಿಯೇ ಬಿಟ್ಟರು. ಅವರು ಅದನ್ನು ಈ ಕಡೆ ಸರಿಸಿದರು, ಆ ಕಡೆ ಸರಿಸಿದರು. ಬಾಣ ಪರದೆಯ ಮಧ್ಯದಲ್ಲಿ ಮೊಳೆ ಹೊಡೆದ ಹಾಗೆ ನಿಂತಿತ್ತು.

"ವೈರು ಸಡಲ ಆಗೇತಿ" ಅಂದೆ. ಆಗಿರಲಿಲ್ಲ. ನಮ್ಮ ಮನೆಯವರು ಹಾಕಿದ ವೈರು ಇವತ್ತಿನವರೆಗೂ ಸಡಿಲಾಗಿಲ್ಲ. ಚಪ್ಪಾಳೆ ತಟ್ಟಿದವರು ಒಬ್ಬೊಬ್ಬರಾಗಿ ತಮ್ಮ ಬಸ್ಸು ಹುಡುಕಿಕೊಂಡು ಹೋದರು. ಸಂಗಪ್ಪ ಮಾತ್ರ ನಿಂತು, "ಕಾಳಕ್ಕ, ಮೈಕು ಭಾಳ ಚೊಲೋ ಆಗೇತಿ. ಮೈಕ್ ಆಗಿ ಇಟಗೋಬಹುದು" ಅಂದ. ಅವನ ಇಲಿಯ ಎರಡು ಮೊಲೆಗಳನ್ನು ಕಿತ್ತುಹಾಕಬೇಕು ಅನ್ನಿಸಿತು.

ಮಾನ ಹೋದವಳು ಸುಮ್ಮನಿರುವುದುಂಟೆ? ಶನಿವಾರ ಬೆಳಿಗ್ಗೆ ಇನ್ನೊಂದು ಮಾಡಿದೆ. ಗೋದಕ್ಕ ರಿಜಿಸ್ಟರಿನಲ್ಲಿ ಗೆರೆ ಎಳೆಯುವ ಕರಿಯ ರೂಲುದೊಣ್ಣೆಯ ಹಾಗೆ. ಅದೂ ಅಲುಗಲಿಲ್ಲ. ಅಂಗಡಿಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತೆ. ನಮ್ಮ ಮನೆಯವರು ನನ್ನ ಮುಂದೆ ನೀರಿನ ಲೋಟ ಇಟ್ಟು, ಆ ದಿನದ ಹತ್ತು ಮಾತಿನಲ್ಲಿ ಮೂರನ್ನು ಖರ್ಚು ಮಾಡಿದರು: "ಕಣಕ ಕೊಟ್ಟಿದ್ದೇನು, ಕಾಳಿ?"

ಕಣಕ ನಾದಿಕೊಂಡು ಗೋದಕ್ಕನನ್ನು ಕರೆಸಿದೆ. ಚಹಾ ತರಿಸಿದೆ. ಬಲಗೈಗೆ ಉಂಡೆ ಕೊಟ್ಟು ಬಟ್ಟೆ ಹೊದಿಸಿ ಅವರ ತಂಗಿಯ ಮನೆಯ ಸುದ್ದಿ, ಆ ತಂಗಿಯ ಮೊಮ್ಮಗಳ ನಾಮಕರಣ, ಎಲ್ಲ ಮಾತಾಡಿಸಿದೆ. ಬಟ್ಟೆ ತೆಗೆದರೆ ಉಂಡೆ ಕೊಟ್ಟ ಹಾಗೆಯೇ ಇತ್ತು. ಒಂದು ಬೆರಳಿನ ಗುರುತೂ ಇರಲಿಲ್ಲ. ಇಷ್ಟು ವರ್ಷದಲ್ಲಿ ನಾನು ಇಂಥದ್ದು ಕಂಡಿರಲಿಲ್ಲ. ಗೋದಕ್ಕ ಆ ಉಂಡೆಯನ್ನು ನೋಡುತ್ತ ಕೂತರು. ಚಹಾ ಆರಿ ಕೆನೆಗಟ್ಟಿತು.

"ಮೂವತ್ತೈದು ವರ್ಷ ದುಡದೀನವ್ವ. ಮದುವಿ ಬ್ಯಾಡ ಅಂದೆ, ಇದ ಸಾಕು ಅಂದೆ. ಒಂದು ದಿನಾನೂ ಬ್ಯಾಸರಾಗಲಿಲ್ಲ ನನಗ. ಈಗ ನೋಡಿದ್ರ ಕೈಗೆ ಏನೂ ನೆನಪಿಲ್ಲಂತ!" ಅವರ ದನಿ ಒಡೆಯಿತು. ಆ ದನಿ ಒಡೆದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನನಗೂ ಅಳು ಬಂತು. ನನ್ನ ಬಡಾಯಿಯಿಂದ ಮೂರು ದಿನ ಹಾಳಾಗಿತ್ತು, ಇನ್ನುಳಿದದ್ದು ಒಂದೇ ದಿನ.

"ನಾಳೆ ಸಂತಿ. ನಾ ನಿಮ್ಮ ಜೋಡಿ ಕಿಟಕಿ ಒಳಗ ಬಂದು ಕುಂದರ್ತೀನಿ. ಕೈ ಇಲ್ಲಿ ಮಾತಾಡಲಿಲ್ಲ ಅಂದ್ರ ಅಲ್ಲಿ ಆಡ್ತದ" ಅಂದೆ. ಧೈರ್ಯ ಹೇಳಿದ್ದು ಅವರಿಗೋ ನನಗೋ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಕಣಕವನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಆ ಕೋಣೆಯನ್ನು ಇಷ್ಟು ವರ್ಷ ಹೊರಗಿನಿಂದ ನೋಡಿದವಳು ನಾನು. ಹೊರಗಿನಿಂದ ಕಾಣುವುದು ಕಿಟಕಿ, ಮೈಕು, ಗೋದಕ್ಕನ ಮುಖ, ಬಲಗೈ. ಇಷ್ಟೇ. ಒಳಗೆ ಒಂದು ಮೇಜು, ಎರಡು ಸ್ಟೂಲು, ಗೋಡೆಗೆ ಬಸ್ಸಿನ ವೇಳಾಪಟ್ಟಿ, ಮೂಲೆಯಲ್ಲಿ ಹೊಸ ಕಂಪ್ಯೂಟರು ಮುಸುಕು ಹಾಕಿಕೊಂಡು ಕೂತಿತ್ತು. ಮೇಜಿನ ಡ್ರಾ ತುಂಬ ಪೆಪ್ಪರಮಿಂಟು.

"ಇಷ್ಟ್ಯಾಕ್ರಿ ಪೆಪ್ಪರಮಿಂಟು?"

"ತಡಿ, ಇನ್ನೇನ ಬರ್ತಾವು" ಅಂದರು ಗೋದಕ್ಕ.

ಹನ್ನೊಂದರ ಸುಮಾರಿಗೆ ಒಬ್ಬ ಹಮಾಲ ನಾಲ್ಕು ವರ್ಷದ ಹುಡುಗಿಯೊಂದನ್ನು ಎತ್ತಿಕೊಂಡು ಬಂದ. ಅದು ಬಾಯಿ ಬಿಟ್ಟು ಅಳುತ್ತಿತ್ತು, ಮೂಗು ಬಾಯಿ ಒಂದಾಗಿತ್ತು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಗೋದಕ್ಕ ಅದನ್ನು ಸ್ಟೂಲಿನ ಪಕ್ಕ ನಿಲ್ಲಿಸಿಕೊಂಡರು. ಹೆಸರು ಕೇಳಿದರು. "ಪುಟ್ಟಿ" ಅಂತು. ಅವ್ವನ ಹೆಸರು ಕೇಳಿದರೆ "ಅವ್ವ" ಅಂತು. ಗೋದಕ್ಕ ಬಲಗೈಯಿಂದ ಮೈಕು ಎಳೆದುಕೊಂಡು, "ಪ್ರಯಾಣಿಕರ ಗಮನಕ್ಕೆ. ಹಸಿರು ಲಂಗ ಉಟ್ಟ, ಎಡಗಾಲಿಗೆ ಚಪ್ಪಲಿ ಇರುವ ಹೆಣ್ಣುಮಗು ವಿಚಾರಣೆ ಕಿಟಕಿಯಲ್ಲಿದೆ" ಎಂದು ಕೂಗತೊಡಗಿದರು. ಅವರ ಮುಖ ಹೊರಗೆ, ಕಣ್ಣು ಜನರ ಮೇಲೆ, ದನಿ ಊರ ಮೇಲೆ.

ಎಡಗೈ ಮೇಜಿನ ಕೆಳಗಿತ್ತು. ಆ ಹುಡುಗಿ ಗೋದಕ್ಕನ ಎರಡು ಬೆರಳುಗಳನ್ನು, ತೋರುಬೆರಳು ಮತ್ತು ನಡುಬೆರಳನ್ನು, ಮುಷ್ಟಿ ಬಿಗಿದು ಹಿಡಿದುಕೊಂಡಿತ್ತು. ಗೋದಕ್ಕನ ಹೆಬ್ಬೆರಳು ಆ ಪುಟ್ಟ ಮುಷ್ಟಿಯ ಮೇಲೆ ಕೂತಿತ್ತು. ಮೈಕಿನಲ್ಲಿ ಒಂದು ಸಲ ಕೂಗಿ ಮುಗಿಸಿದಾಗಲೆಲ್ಲ ಆ ಹೆಬ್ಬೆರಳು ಮೆಲ್ಲಗೆ ಎರಡು ಸಲ ಒತ್ತುತ್ತಿತ್ತು. "ಬರ್ತಾಳ. ಈಗ ಬರ್ತಾಳ" ಎಂದು ಬಗ್ಗಿ ನೋಡದೆಯೇ ಹೇಳುತ್ತಿದ್ದರು. ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ಪೆಪ್ಪರಮಿಂಟಾಯಿತು. ಅರ್ಧ ಗಂಟೆಗೆ ತಾಯಿ ಓಡೋಡಿ ಬಂದು ಮೊದಲು ಮಗುವಿಗೆ ಒಂದು ಬಾರಿಸಿ, ಆಮೇಲೆ ಅಪ್ಪಿಕೊಂಡು, ಗೋದಕ್ಕನ ಕಾಲಿಗೆ ಬಿದ್ದಳು.

ಊರೆಲ್ಲ ಬಲಗೈ ನೋಡಿತ್ತು. ಎಡಗೈಯನ್ನು ನೋಡಿದವರು ಯಾರೂ ಇರಲಿಲ್ಲ, ನೋಡಿದವರೆಲ್ಲ ಮೂರಡಿ ಎತ್ತರದವರು.

"ಗೋದಕ್ಕ, ಇಂಥಾ ಕೂಸು ಎಷ್ಟು ಬಂದಿರಬೇಕು?"

"ಯಾರು ಎಣಿಸ್ಯಾರ? ಸಂತಿ ದಿನ ಎರಡರ ಬರ್ತಾವು. ಆ ಗೋಡೌನ್‌ದಾಗ ಹೋಗಿ ಕುಂತ್ರ ಇವು ಎಲ್ಲಿಗೆ ಬರಬೇಕು ಅನ್ನೂದ ನನ್ನ ಚಿಂತಿ." ಆಮೇಲೆ ನನ್ನ ಮುಖ ನೋಡಿ ನಕ್ಕರು. "ನೀನೂ ಬಂದಿದ್ದಿ. ಗೊತ್ತಿಲ್ಲೇನ?"

"ನಾನಾ?"

"ನಾ ನೌಕರಿ ಸೇರಿ ಮೂರನೇ ದಿನ. ಐದು ವರ್ಷದಾಕಿ ನೀ. ನಿಮ್ಮಪ್ಪ ನಿನ್ನ ಇಲ್ಲಿ ಬೇವಿನ ಗಿಡದ ಕೆಳಗ ಕುಂದರಿಸಿ ಕಟಗಿ ಅಡ್ಡಾಕ್ಕ ಹೋದಾಂವ ಕಟಗಿ ನೋಡಕೋತ ನಿನ್ನ ಮರತಬಿಟ್ಟಿದ್ದ. ಮುಂಜಾನಿ ಬಂದಾಕಿ ಮೂರೂವರಿ ತನಕಾ ನನ್ನ ಬಿಡಲಿಲ್ಲ. ನನಗಂತೂ ಮೈಕ್ ಹಿಡಿಯಾಕೂ ಬರ್ತಿರಲಿಲ್ಲ ಆಗ. ನನ್ನ ಮೊದಲನೇ ಕೂಸು ನೀನ."

ನನಗೆ ಒಂದಿಷ್ಟೂ ನೆನಪಿರಲಿಲ್ಲ. ಅಪ್ಪ ಯಾವತ್ತೂ ಹೇಳಿರಲಿಲ್ಲ. ಹೇಳುವಂಥ ಸಂಗತಿಯೂ ಅಲ್ಲ ಬಿಡಿ. ಅದನ್ನೆಲ್ಲ ಯೋಚಿಸುತ್ತ ಕೂರಲು ಹೊತ್ತಿರಲಿಲ್ಲ. ಡಬ್ಬಿ ತೆರೆದು ಕಣಕವನ್ನು ಅವರ ಎಡಗೈಗೆ ಕೊಟ್ಟೆ. ಬಟ್ಟೆ ಹೊದಿಸುವ ಮೊದಲೇ ಕೈ ತನ್ನ ಕೆಲಸ ಶುರುಮಾಡಿತ್ತು. ಎರಡು ಬೆರಳು ಕಣಕದೊಳಗೆ ಸೀದಾ ಇಳಿದವು, ಹೆಬ್ಬೆರಳು ಮೇಲೆ ಕೂತಿತು, ಒಂದು ನಿಮಿಷಕ್ಕೆ ಉಂಡೆ ಒಂದು ಪುಟ್ಟ ಮುಷ್ಟಿಯಾಯಿತು. ಗೋದಕ್ಕ ಅದನ್ನು ನೋಡಿ ಕಣ್ಣು ತುಂಬಿಕೊಂಡು ನಗುತ್ತಿದ್ದರು.

ಅಂಗಡಿಗೆ ಓಡಿದೆ. ಇದಕ್ಕೆ ಸಾಗವಾನಿ ನಡೆಯುವುದಿಲ್ಲ ಎಂದು ನನಗೆ ಗೊತ್ತಾಗಿತ್ತು. ಮಗುವಿನ ಕೈ ಅಷ್ಟು ಗಟ್ಟಿ ಇರುವುದಿಲ್ಲ. ಹಗುರವಾದ ಮರದಲ್ಲಿ ಮುಷ್ಟಿ ಕೆತ್ತಿ, ಬೆರಳು ಹೋಗುವ ತೂತನ್ನು ಒಳಗಿನಿಂದ ನುಣ್ಣಗೆ ಮಾಡಿ, ಮೇಲೆ ಹತ್ತಿ ಇಟ್ಟು, ತೂತಿನ ಒಳಗೂ ಬರುವ ಹಾಗೆ ತೆಳು ತೊಗಲು ಹೊದಿಸಿದೆ. ಗೌಸಸಾಬರು ತಾವಾಗಿ ಬಂದು ಹೊಲಿಗೆ ಹಾಕಿಕೊಟ್ಟರು. ನಮ್ಮ ಮನೆಯವರು ಗುಂಡಿಯನ್ನು ಹೆಬ್ಬೆರಳು ಕೂರುವ ಜಾಗದಲ್ಲಿ ತೊಗಲಿನ ಕೆಳಗೆ ಕೂರಿಸಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಅಂಗೈ ಮೇಲೆ ಇಟ್ಟುಕೊಂಡರೆ ಬಿಟ್ಟುಕೊಡಲು ಮನಸ್ಸು ಬರುತ್ತಿರಲಿಲ್ಲ.

ಸೋಮವಾರ ಹತ್ತಕ್ಕೆ ಸರಿಯಾಗಿ ಹುದ್ದಾರ ಸಾಹೇಬರು ಬಂದರು. ಕಿಟಕಿಯ ಹೊರಗೆ ಈ ಸಲ ಯಾರೂ ಚಪ್ಪಾಳೆಗೆ ಕೈ ಎತ್ತಿರಲಿಲ್ಲ. ಎಲ್ಲರೂ ಎಲ್ಲೋ ನೋಡುವವರ ಹಾಗೆ ಇತ್ತಲೇ ನೋಡುತ್ತಿದ್ದರು. ಸಾಹೇಬರು ಕಂಪ್ಯೂಟರಿನ ಮುಸುಕು ತೆಗೆಸಿ, "ಹತ್ತೂ ಕಾಲಿನ ಬಸ್ಸು ಇಪ್ಪತ್ತು ನಿಮಿಷ ಲೇಟ್ ಅದ. ಬೋರ್ಡಿನ ಮ್ಯಾಲೆ ಹಾಕ್ರಿ, ನೋಡೋಣ" ಅಂದರು. ಮೂರನೆಯ ಸಲ ತಪ್ಪಿದರೆ ಗೋದಕ್ಕ ಟೈರು ಎಣಿಸಲು ಹೋಗಬೇಕು, ನಾನು ಉಳಿ ಕೆಳಗಿಡಬೇಕು ಎಂದು ನಿರ್ಧಾರ ಮಾಡಿಕೊಂಡೇ ಬಂದಿದ್ದೆ.

ಗೋದಕ್ಕ ಚೀಲದಿಂದ ಇಲಿಯನ್ನು ತೆಗೆದು ಎಡಗಡೆಗೆ ಇಟ್ಟುಕೊಂಡರು. ಎರಡು ಬೆರಳು ಒಳಗೆ ಇಳಿಸಿದರು. ಬಾಣ ಅಲುಗಿತು. ಮೊದಲು ಹೆದರಿದ ಮಗುವಿನ ಹಾಗೆ ಒಂದು ಹೆಜ್ಜೆ, ಆಮೇಲೆ ಇನ್ನೊಂದು, ಆಮೇಲೆ ಅವರು ಕರೆದ ಕಡೆಗೆಲ್ಲ ಓಡತೊಡಗಿತು. ಬಸ್ಸಿನ ಹೆಸರಿನ ಮೇಲೆ ನಿಲ್ಲಿಸಿ ಹೆಬ್ಬೆರಳಿನಿಂದ ಎರಡು ಸಲ ಒತ್ತಿದರು. "ಬರ್ತದ. ಈಗ ಬರ್ತದ" ಎಂದು ರೂಢಿಯ ಮೇಲೆ ಬಾಯಿಂದಲೂ ಹೊರಟಿತು. ಹೊರಗೆ ಹೊಸ ಬೋರ್ಡಿನಲ್ಲಿ ಕೆಂಪು ಅಕ್ಷರ ಹೊಳೆದವು. ಶೇಂಗಾದವರು ಕೂಗಿದ ಕೂಗು ಆ ಹತ್ತೂ ಕಾಲಿನ ಬಸ್ಸಿನವರೆಗೂ ಕೇಳಿಸಿರಬೇಕು.

ಹುದ್ದಾರ ಸಾಹೇಬರು ಆ ಪುಟ್ಟ ಮುಷ್ಟಿಯನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಇದನ್ನ ಹಿಂಗ ಮೇಜಿನ ಮ್ಯಾಲೆ ಎಲ್ಲಾರ ಎದುರಿಗೇ ಇಡ್ತೀರೇನು?" ಎಂದು ಕೇಳಿದರು.

"ಇಡ್ತೀನ್ರಿ ಸಾಹೇಬ್ರ. ಮುಚ್ಚೂದು ಏನೈತಿ ಇದರಾಗ?" ಅಂದರು ಗೋದಕ್ಕ.

ಸಾಹೇಬರು ಕಾಗದಕ್ಕೆ ಸಹಿ ಹಾಕಿ ಹೋದರು. ಮರುದಿನದಿಂದ ಅವರ ಗಾಳಿಪಟದ ರಾಟೆ ಮೇಜಿನ ಮೇಲೆ ಬಂದಿದೆ ಎಂದು ಡಿಪೋದವರು ಹೇಳುತ್ತಾರೆ. ನಾನು ನೋಡಿಲ್ಲ, ನೋಡಲು ಒಂದು ನೆಪ ಹುಡುಕುತ್ತಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆಯನ್ನು ಊರ ತುಂಬ ನನ್ನದೇ ಹೆಚ್ಚುಗಾರಿಕೆಯಾಗಿ ಹೇಳಿಕೊಂಡು ತಿರುಗುತ್ತಿದ್ದೆ. ಒಂದು ವಾರ ಹಾಗೇ ಮಾಡಿದೆ ಕೂಡ. ಮುಂದಿನ ಮಂಗಳವಾರ ಮಧ್ಯಾಹ್ನದ ಬಸ್ಸು ಕೂಗಿ ಮುಗಿಸಿ ಗೋದಕ್ಕ ಅಂಗಡಿಗೆ ಬಂದರು. ತೊಗಲು ಒಣಗಿ ತೂತು ತುಸು ಬಿಗಿಯಾಗಿದೆ, ಬೆರಳು ಹಿಡಿಯುತ್ತದೆ ಅಂದರು. ಹೊಸ ತೊಗಲಿಗೆ ಅದು ಸಹಜ. ಒಂದಿಷ್ಟು ಎಣ್ಣೆ ಹಚ್ಚಿ, ಎರಡು ಬೆರಳಿನಷ್ಟು ದಪ್ಪದ ಏನನ್ನಾದರೂ ತುರುಕಿ ಇಟ್ಟರೆ ಸಡಿಲಾಗುತ್ತದೆ. ಮಾತಾಡುತ್ತ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ತೂತಿಗೆ ಹಾಕಿದೆ.

ಕೈಗೆ ಸಿಕ್ಕಿದ್ದು ನನ್ನ ಜೋಡಿ ಉಳಿ.

ಅದು ಸರಕ್ಕನೆ ಒಳಗೆ ಹೋಗಿ ಕೂತಿತು. ಗಿಡ್ಡದ್ದು ಗಿಡ್ಡದರ ಜಾಗಕ್ಕೆ, ಉದ್ದದ್ದು ಉದ್ದದರ ಜಾಗಕ್ಕೆ. ಉಬ್ಬುಗಳು ಒಳಗಿನ ತಗ್ಗುಗಳನ್ನು ತಾವೇ ಹುಡುಕಿಕೊಂಡವು. ಒಂದು ಕೂದಲು ತೂರಿಸಲು ಜಾಗ ಉಳಿಯಲಿಲ್ಲ. ಆ ತೂತನ್ನು ನಾನು ಕೆತ್ತಿದ್ದು ಗೋದಕ್ಕನ ಬೆರಳಿನ ಅಚ್ಚಿನಿಂದ. ಈ ಕೋಲುಗಳನ್ನು ಅಪ್ಪ ಕೆತ್ತಿದ್ದು ನನ್ನ ಕೈಯ ಅಚ್ಚಿನಿಂದ. ಹೊರಗೆ ಎಳೆದೆ. ತಿರುಗಿಸಿ ನೋಡಿದೆ. ಉಳಿಯ ಹಿಡಿಕೆಗೆ ಗೆಣ್ಣು ಇರುತ್ತದೆಯೇ? ಎರಡು ಕಡೆ ಗೆಣ್ಣು? ಇಪ್ಪತ್ತೆಂಟು ವರ್ಷ ದಿನಾ ಹಿಡಿದು, ದಿನಾ ಜನರಿಗೆ ತೋರಿಸಿ, ನಾನು ಒಂದು ಸಲವೂ ನೋಡಿರಲಿಲ್ಲ.

ಅಪ್ಪ ನೋಡಿದ್ದ. ಬೆರಳಿಗೂ ಉಳಿಗೂ ವ್ಯತ್ಯಾಸ ತಿಳಿಯದ ಬಡಿಗನಲ್ಲ ಅವನು. ಕಣಕವನ್ನು ಅಷ್ಟು ಹೊತ್ತು ದಿಟ್ಟಿಸಿ ನೋಡಿ, ತಾನು ಮರೆತುಬಂದ ಆ ಅರ್ಧ ದಿನವನ್ನು ಅದರಲ್ಲಿ ಕಂಡು, ಗಂಟಲು ಸರಿಮಾಡಿಕೊಂಡು ಉಳಿ ಎಂದಿದ್ದ. ಪಾಪ, ಎಷ್ಟು ನಾಚಿಕೆಪಟ್ಟಿದ್ದನೋ. ನನಗೆ ಸಿಟ್ಟು ಬರಲಿಲ್ಲ. ಗೂಡಿನಲ್ಲಿ ಫೋಟೋದ ಪಕ್ಕದಲ್ಲಿದ್ದ ಅವನ ಇಲಿಯ ಕಡೆ ನೋಡಿ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. ಹುಟ್ಟುಬಡಿಗಿತ್ತಿ ಅಂತೆ! ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನಿಗಾಗಿ ಅತ್ತ ಹುಡುಗಿ ನಾನು, ನನ್ನ ಕೈಗೆ ನೆನಪಿದ್ದದ್ದು ಅಷ್ಟೇ.

ಗೋದಕ್ಕ ಎಲ್ಲವನ್ನೂ ನೋಡುತ್ತಿದ್ದರು. ನನ್ನ ಕೈಯಿಂದ ಜೋಡಿ ಉಳಿಯನ್ನು ತೆಗೆದುಕೊಂಡು ತಮ್ಮ ಎರಡು ಬೆರಳಿನ ಪಕ್ಕಕ್ಕೆ ಹಿಡಿದರು. ವಯಸ್ಸಿಗೆ ಅವರ ಬೆರಳು ತುಸು ಬಾತಿದ್ದವು, ಅಷ್ಟೇ.

"ಇದನ್ನೇನ ನೀ ಊರಿಗೆಲ್ಲಾ ಉಳಿ ಅಂತ ತೋರಸ್ತಿದ್ದಿ?"

"ಹೌದ್ರಿ" ಅಂದೆ.

"ಹುಚ್ಚಿ" ಅಂದರು. ಮರದ ಬೆರಳನ್ನು ಕೆಳಗಿಟ್ಟು ಎಡಗೈಯನ್ನು ನನ್ನ ಮುಂದೆ ಚಾಚಿದರು. ನಲವತ್ತು ವರ್ಷದ ಹೆಂಗಸು ನಾನು, ಕೈ ತುಂಬ ಗಾಯದ ಕಲೆ, ಉಗುರಿನ ಸಂದಿಯಲ್ಲಿ ಮರದ ಹುಡಿ. ಎರಡು ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಈ ಸಲ ಹಿಡಿ ತುಂಬ ಸಿಕ್ಕಿತು. ಗೋದಕ್ಕನ ಹೆಬ್ಬೆರಳು ಮೇಲೆ ಬಂದು ಕೂತು, ಮೆಲ್ಲಗೆ ಎರಡು ಸಲ ಒತ್ತಿತು.

ಒಳಗಿನಿಂದ ನಮ್ಮ ಮನೆಯವರು ಊಟಕ್ಕೆ ಕರೆದರು. ಬಂದೆ ಅಂದೆ. ಕೈ ಬಿಡಲಿಲ್ಲ.